ಜೇಬಿನಲ್ಲಿದ್ದ ಯಂತ್ರ ಕರೆ ಮಾಡಿದ ಸಂಜೆ

ದೆವ್ವ, ಗಾಳಿ, ಸತ್ತವರು ಬಂದು ಮಾತಾಡಿಸಿದರು ಎಂಬ ಕಥೆ ಶುರುವಾದರೆ ಟವೆಲ್ ಕೊಡವಿಕೊಂಡು ಎದ್ದು ಹೋಗುವ ಪೈಕಿ ನಾನು. ಚಿಕ್ಕಂದಿನಿಂದಲೂ ಹಾಗೆಯೇ. ನನ್ನ ಕೇಬಲ್ ಹಾದು ಹೋಗುವ ಒಂದು ದಾರಿ ಸುಡುಗಾಡಿನ ಅಂಚಿನಲ್ಲಿದೆ. ಅಲ್ಲಿನ ಕಂಬ ಹತ್ತಲು ಕೆಲಸದವರು ಹಿಂದೆಮುಂದೆ ನೋಡಿದಾಗಲೆಲ್ಲ ನಾನೇ ಹತ್ತಿ, ತಂತಿ ಜೋಡಿಸಿ, ಬೀಡಿ ಹಚ್ಚಿಕೊಂಡು ಇಳಿದಿದ್ದೇನೆ. ಕಂಬದ ಮೇಲೆ ನನಗೆ ಸಿಕ್ಕಿದ್ದು ಕೋತಿಗಳು ಮಾತ್ರ. ಅವು ಕಡಿದ ತಂತಿಯನ್ನೇ ಜನ ಗಾಳಿಯ ಕಾಟ ಎನ್ನುತ್ತಿದ್ದರು.

ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆಂದರೆ ಅದಕ್ಕೆ ಕಾರಣ ಭಯವಲ್ಲ, ಸಿಟ್ಟು. ಬೆಂಗಳೂರಿನ ಒಂದು ಕಂಪನಿ ನನ್ನನ್ನು ಸುಳ್ಳುಗಾರ ಎಂದು ನಯವಾದ ಇಂಗ್ಲಿಷಿನಲ್ಲಿ ಬರೆದು ಕಳಿಸಿತು. ಗ್ರಾಹಕರು ಹೇಳುವುದರಲ್ಲಿ ಒಂದಕ್ಕೊಂದು ತಾಳೆಯಿಲ್ಲ ಎಂದು. ತಾಳೆಯಿಲ್ಲ ಎನ್ನುವುದು ನನಗೂ ಗೊತ್ತು ಸ್ವಾಮಿ. ಆದರೆ ಆದದ್ದೇ ಹಾಗೆ. ನಾನು ಕಂಡದ್ದನ್ನು ತಿರುಚಿ ತಾಳೆ ಮಾಡಿಕೊಡಲು ನನಗೆ ಬರುವುದಿಲ್ಲ.

ನಾನು ಎಂಟನೇ ತರಗತಿಗೆ ಸ್ಕೂಲು ಬಿಟ್ಟವನು. ಕೆ.ಆರ್. ನಗರದಲ್ಲಿ ಒಬ್ಬ ಕೇಬಲ್ ಟೀವಿಯವರ ಹತ್ತಿರ ಏಣಿ ಹಿಡಿಯುವ ಕೆಲಸಕ್ಕೆ ಸೇರಿ, ಏಣಿ ಹತ್ತುವುದನ್ನು ಕಲಿತು, ಆಮೇಲೆ ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿಗೆ ಬಂದು ನನ್ನದೇ ಡಿಶ್ ನಿಲ್ಲಿಸಿದೆ. ಟೀವಿಯ ಕಾಲ ಹೋಗಿ ಇಂಟರ್ನೆಟ್ಟಿನ ಕಾಲ ಬಂದಾಗ ಫೈಬರ್ ಎಳೆದೆ. ಇವತ್ತು ಸುತ್ತಲಿನ ಹಳ್ಳಿಗಳಿಗೂ ಬೈಲಕುಪ್ಪೆಯ ಕಡೆಯ ಒಂದಷ್ಟು ಅಂಗಡಿಗಳಿಗೂ ಲೈನು ಕೊಟ್ಟಿರುವುದು ನಾನೇ. ಯಾರ ಕೈಕಾಲೂ ಹಿಡಿದು ಮಾಡಿದ್ದಲ್ಲ. ಮಳೆಯಲ್ಲಿ ನೆಂದು, ಕರೆಂಟು ಹೊಡೆಸಿಕೊಂಡು ಮಾಡಿದ್ದು.

ಈಗ ಯಂತ್ರದ ವಿಷಯ ಸ್ವಲ್ಪ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ರೂಟರ್ ಎಂದರೆ ಮನೆಮನೆಗೆ ಇಂಟರ್ನೆಟ್ ಹಂಚುವ ಡಬ್ಬಿ. ನಿಮ್ಮ ಮನೆಯಲ್ಲೂ ಒಂದು ಸಣ್ಣದು ಇದ್ದೀತು. ಕೇಬಲ್ ಸಾಮಾನಿಡುವ ನನ್ನ ರೂಮಿನಲ್ಲಿರುವುದು ಎಲ್ಲಕ್ಕೂ ದೊಡ್ಡಣ್ಣ. ಅದರ ಹೊಟ್ಟೆಯೊಳಗೆ ಬೇರೆ ಕಂಪ್ಯೂಟರುಗಳನ್ನು ಓಡಿಸಬಹುದು. ಅವು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಲಿನಕ್ಸ್ ಎಂಬುದರ ಮೇಲೆ ನಡೆಯುತ್ತವೆ. ವರ್ಚುಯಲ್ ಮಷಿನ್ ಎಂದು ಅವುಗಳ ಹೆಸರು. ಒಂದೇ ವಠಾರದಲ್ಲಿ ಮೂರು ಸಂಸಾರ ಇದ್ದ ಹಾಗೆ. ನನ್ನ ವಠಾರದಲ್ಲೂ ಮೂರಿದ್ದವು. ಒಂದು ಗ್ರಾಹಕರ ಲೆಕ್ಕ ನೋಡುತ್ತಿತ್ತು, ಒಂದು ಅಂಗಡಿಗಳ ಕ್ಯಾಮೆರಾ ನೋಡುತ್ತಿತ್ತು, ಮೂರನೆಯದು ಬ್ಯಾರನ್ ನೋಡುತ್ತಿತ್ತು. ಈ ಮೂರೂ ವಾಸವಿದ್ದದ್ದು ರೂಟರಿಗೆ ಸಿಕ್ಕಿಸಿದ, ಬೆಂಕಿಪೊಟ್ಟಣದಷ್ಟು ಅಗಲದ ಒಂದು ಕಾರ್ಡಿನಲ್ಲಿ.

ನಮ್ಮ ಕಡೆಯವರಿಗೆ ಬ್ಯಾರನ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ಬೇರೆಯವರಿಗೆ ಹೇಳುತ್ತೇನೆ: ಹೊಗೆಸೊಪ್ಪನ್ನು ಬೇಯಿಸುವ ಎತ್ತರದ ಮನೆ. ಕಡ್ಡಿಗೆ ಸೊಪ್ಪು ಕಟ್ಟಿ ಒಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕುತ್ತಾರೆ. ಹೊರಗಿನಿಂದ ಒಲೆಗೆ ಸೌದೆ ಇಟ್ಟರೆ ನೆಲದ ಮೇಲಿನ ದಪ್ಪ ಪೈಪುಗಳಲ್ಲಿ ಬಿಸಿ ಓಡಾಡಿ ಸೊಪ್ಪು ಹಳದಿಯಾಗಿ ಒಣಗುತ್ತದೆ. ಉರಿ ಕಮ್ಮಿಯಾದರೆ ಸೊಪ್ಪು ಕೆಡುತ್ತದೆ, ಜಾಸ್ತಿಯಾದರೆ ಕರಕಾಗುತ್ತದೆ. ಕಡ್ಡಿ ಜಾರಿ ಪೈಪಿನ ಮೇಲೆ ಬಿದ್ದರಂತೂ ಬ್ಯಾರನ್ನೇ ಹೋಯಿತು. ಹಾಗಾಗಿ ಹಗಲೂ ರಾತ್ರಿ ಕಾಯಬೇಕು. ನನಗೆ ರೂಟರ್ ಕೊಟ್ಟ ಆ ಬೆಂಗಳೂರಿನ ಕಂಪನಿಯವರೇ ಬ್ಯಾರನ್ನಿನೊಳಗೆ ಶಾಖ ಅಳೆಯುವ ತಂತಿ ಬಿಟ್ಟು, ಅದು ಮಿತಿ ಮೀರಿದರೆ ರೈತನ ಮೊಬೈಲಿಗೆ ಕರೆ ಹೋಗುವ ಹಾಗೆ ಮಾಡಿದ್ದರು. ಕರೆ ಮಾಡುವುದು ರೂಟರಿನ ಪಕ್ಕದಲ್ಲಿ ಸಿಮ್ ಹಾಕಿದ ಒಂದು ಪುಟ್ಟ ಡಬ್ಬಿ. ಯಾರಿಗೆ, ಯಾವಾಗ ಮಾಡಬೇಕೆಂದು ಅದಕ್ಕೆ ಹೇಳುವುದು ಒಳಗಿನ ಆ ಮೂರನೆಯ ಯಂತ್ರ. ಯಂತ್ರ ಹೇಳದೆ ಡಬ್ಬಿಗೆ ಏನೂ ಗೊತ್ತಾಗುವುದಿಲ್ಲ.

ಮೊದಲು ಆ ಕರೆಯಲ್ಲಿ ಪಟ್ಟಣದ ಒಬ್ಬ ಹುಡುಗಿಯ ದನಿಯಿತ್ತು. “ಮಾನ್ಯ ಗ್ರಾಹಕರೇ, ತಮ್ಮ ಘಟಕದ ಉಷ್ಣಾಂಶ” ಎಂದು ಶುರುವಾದರೆ ನಮ್ಮ ಜನ ರಿಂಗ್‌ಟೋನ್ ಮಾರುವವರೆಂದು ಇಟ್ಟುಬಿಡುತ್ತಿದ್ದರು. ಆಗ ನಾನು ನಮ್ಮ ಭಾವ ಸಿದ್ದೇಗೌಡರನ್ನು ಕೂರಿಸಿಕೊಂಡು ಅವರ ದನಿಯಲ್ಲೇ ಮಾತು ತುಂಬಿಸಿದೆ. ಭಾವ ನನ್ನ ಅಕ್ಕ ಸಾಕಮ್ಮನ ಗಂಡ. ಒಳ್ಳೆ ಬ್ಯಾರನ್ ಕೈ ಅವರದ್ದು. “ಲೇ, ಉರಿ ಜಾಸ್ತಿಯಾಗದೆ, ಎದ್ದೋಗಿ ನೋಡ್ಲಾ, ಸೊಪ್ಪು ಕರಕಾಯ್ತದೆ” ಎಂದು ಅವರು ಬೈದ ದನಿಗೆ ಊರೇ ಎದ್ದು ಓಡತೊಡಗಿತು. ಭಾವ ತಮ್ಮ ಮೊಬೈಲಿನಲ್ಲಿ ಆ ನಂಬರನ್ನು ಬ್ಯಾರನ್ ಎಂದೇ ಉಳಿಸಿಕೊಂಡು, ಅದಕ್ಕೆ ಮಾತ್ರ ಎತ್ತಿನ ಕೊರಳಗಂಟೆಯ ಸದ್ದು ಇಟ್ಟುಕೊಂಡಿದ್ದರು. ಬೇರೆ ಕರೆಗಳಿಗೆಲ್ಲ ಮಾಮೂಲಿ ಸದ್ದು. ಗಂಟೆ ಬಾರಿಸಿತೆಂದರೆ ಅನ್ನದ ತಟ್ಟೆ ಬಿಟ್ಟು ಏಳುತ್ತಿದ್ದರು.

ಆ ಭಾವ ಒಂದು ಬೇಸಿಗೆಯಲ್ಲಿ ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲ. ನಾನು ದನಿ ಬದಲಾಯಿಸಲೋ ಎಂದು ಅಕ್ಕನನ್ನು ಕೇಳಿದೆ. ಬೇಡ ಎಂದಳು.

ಭಾವ ಹೋದ ಮೇಲೆ ಅವರ ಅಣ್ಣ ಕಾಳೇಗೌಡರು ಒಂದೇ ಮಾತು ಹಿಡಿದರು: ಹೆಂಗಸು ಬ್ಯಾರನ್ ಮಾಡುವುದುಂಟೆ, ಲೈಸೆನ್ಸನ್ನು ನಮ್ಮ ಹೆಸರಿಗೆ ಬಿಟ್ಟುಕೊಡಲಿ ಎಂದು. ಲೈಸೆನ್ಸ್ ಇಲ್ಲದೆ ಹರಾಜಿನಲ್ಲಿ ಸೊಪ್ಪು ಮಾರುವಂತಿಲ್ಲ. ಅಕ್ಕನ ಹೆಸರಿಗೆ ಆಗಬೇಕಾದರೆ ಮನೆಯವರ ಒಪ್ಪಿಗೆಯ ಸಹಿ ಬೇಕು. ಕೊನೆಗೆ ನಾಲ್ಕು ಜನರ ಮುಂದೆ ತೀರ್ಮಾನವಾದದ್ದೇನೆಂದರೆ, ಈ ಸಲದ ಸೊಪ್ಪನ್ನು ಅಕ್ಕನೇ ಬೇಯಿಸಲಿ. ಒಂದು ಬ್ಯಾರನ್ ಕೆಟ್ಟರೂ ಲೈಸೆನ್ಸ್ ಕಾಳೇಗೌಡರಿಗೆ. ನೋಡಿ, ಎಂಥ ನ್ಯಾಯ. ಗಂಡಸರು ಬ್ಯಾರನ್ ಸುಟ್ಟುಕೊಂಡರೆ ಅದು ಹಣೆಬರಹ, ಹೆಂಗಸು ಸುಟ್ಟುಕೊಂಡರೆ ಅವಳಿಗೆ ಬರುವುದಿಲ್ಲ. ಭಾವನ ಜೊತೆ ಅಷ್ಟೂ ವರ್ಷ ಒಲೆ ಮುಂದೆ ಕೂತು ಸೌದೆ ಇಟ್ಟವಳು ಯಾರು? ಅದನ್ನು ಕೇಳುವವರಿರಲಿಲ್ಲ.

ಆ ವರ್ಷ ಅಕ್ಕ ಹಾಕಿದ ಬ್ಯಾರನ್‌ಗಳೆಲ್ಲ ಚೆನ್ನಾಗಿಯೇ ಬಂದವು. ಕೊನೆಯದೊಂದು ಉಳಿದಿತ್ತು. ಸೊಪ್ಪು ಹಳದಿಗೆ ತಿರುಗಿ, ಇನ್ನು ದಂಟು ಒಣಗಬೇಕು, ಉರಿ ಏರಿಸಬೇಕು ಎನ್ನುವ ಹೊತ್ತಿಗೆ ಸರಿಯಾಗಿ ನನ್ನ ಯಂತ್ರಗಳು ಮಲಗಿದವು.

ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂತು, ಅಷ್ಟೇ. ರೂಟರ್ ಎದ್ದಿತು, ಒಳಗಿನ ಮೂರೂ ಏಳಲಿಲ್ಲ. ಸ್ಟಾರ್ಟ್ ಕೊಟ್ಟರೆ ಪರದೆಯ ಮೇಲೆ ಒಂದಷ್ಟು ಬಿಳಿ ಸಾಲು ಓಡುವುದು, ಒಂದು ಜಾಗದಲ್ಲಿ ನಿಲ್ಲುವುದು, ಮತ್ತೆ ಮೊದಲಿನಿಂದ ಓಡುವುದು. ಮಂಕು ಹಿಡಿದ ಎತ್ತು ಗಾಣದ ಒಂದೇ ಜಾಗದಲ್ಲಿ ನಿಂತ ಹಾಗೆ. ಕಂಪನಿಗೆ ಫೋನು ಮಾಡಿದೆ. ಅಲ್ಲಿ ಪ್ರತಿ ಸಲವೂ ಬೇರೆ ಇಂಜಿನಿಯರ್. ಪ್ರತಿಯೊಬ್ಬರಿಗೂ ರಾಮಾಯಣ ಮೊದಲಿನಿಂದ ಹೇಳಬೇಕು. ಆಫ್ ಮಾಡಿ ಆನ್ ಮಾಡಿದಿರಾ? ಮಾಡಿದೆ. ಮೆಮೊರಿ ಎಷ್ಟು ಕೊಟ್ಟಿದ್ದೀರಿ? ನೀವೇ ಕೊಟ್ಟದ್ದು, ನಾನು ಮುಟ್ಟಿಲ್ಲ. ಇಮೇಜ್ ಫೈಲಿನ (ಒಂದಿಡೀ ಯಂತ್ರ ತುಂಬಿರುವ ಫೈಲು ಅದು) ಅಳತೆ ಸರಿಯಿದೆಯೇ? ಎರಡರದ್ದು ಸರಿಯಿದೆ, ಬ್ಯಾರನ್ನಿನದ್ದು ಕಮ್ಮಿ ತೋರಿಸುತ್ತಿದೆ. ಹೌದಾ, ಲೈನಿನಲ್ಲಿರಿ. ಆಮೇಲೆ ಹಾಡು. ಹಾಡು ಮುಗಿದ ಮೇಲೆ ಇನ್ನೊಬ್ಬರು: ಆಫ್ ಮಾಡಿ ಆನ್ ಮಾಡಿದಿರಾ?

ಅವರಲ್ಲೊಬ್ಬ ಕೇಳಿದ, “ಸರ್, ತಪ್ಪು ತಿಳ್ಕೋಬೇಡಿ, ನಿಮ್ಮ ಕ್ವಾಲಿಫಿಕೇಷನ್ ಏನು?”

“ನಿಮ್ಮ ಯಂತ್ರ ಯಾವ ಕ್ಲಾಸ್ ಪಾಸು ಅಂತ ನಾನೇನಾರ ಕೇಳಿದ್ನಾ ಸ್ವಾಮಿ?” ಎಂದೆ. “ಅದು ಎದ್ದೇಳ್ತಾ ಇಲ್ಲ. ಎಬ್ಬಿಸೋದೆಂಗೆ ಹೇಳಿ, ಮಾಡ್ತೀನಿ.”

ಹೇಳಿದರು, ಮಾಡಿದೆ. ಅದನ್ನು ಇಲ್ಲ ಎನ್ನುವುದಿಲ್ಲ. ಮೊದಲೆರಡು ಯಂತ್ರಗಳನ್ನು ಕಾರ್ಡಿನಿಂದ ರೂಟರಿನ ಸ್ವಂತ ಮೆಮೊರಿಗೆ ನಕಲು ಮಾಡಿ ಅಲ್ಲಿಂದ ಎಬ್ಬಿಸಿದ್ದಾಯಿತು. ಹಳ್ಳಿಗಳಿಗೆ ಲೈನು ಬಂತು, ಬೈಗುಳ ನಿಂತಿತು. ಬ್ಯಾರನ್ನಿನದ್ದು ಮಾತ್ರ ನಕಲಾಗಲಿಲ್ಲ. ಅರ್ಧಕ್ಕೆ ಬಂದು ಓದಲಾಗುತ್ತಿಲ್ಲ ಎನ್ನುತ್ತಿತ್ತು. ಫೈಲು ರಿಪೇರಿಗೆ ಹಾಕಿದೆವು, ಆಗಲಿಲ್ಲ. ಕೊನೆಗೆ ಅವರೇ ಹೇಳಿದರು: ಕಾರ್ಡೇ ಸತ್ತಿದೆ, ತೆಗೆದು ನಮಗೆ ಕೊರಿಯರ್ ಮಾಡಿ, ಪರೀಕ್ಷೆ ಮಾಡಿ ಹೊಸದು ಕಳಿಸುತ್ತೇವೆ ಎಂದು. ಫೋನಿನಲ್ಲಿ ಅವರು ಹೇಳುತ್ತಿರುವಾಗಲೇ ರೂಟರಿನಿಂದ ಕಾರ್ಡನ್ನು ನನ್ನ ಕೈಯಾರೆ ಎಳೆದೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಿಯ ಮೇಲಿನ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡೆ. ಪರದೆಯಲ್ಲಿ ನೋಡಿದರೆ ಮೂರನೆಯ ಯಂತ್ರದ ಹೆಸರಿನ ಮುಂದೆ ಏನೂ ಇಲ್ಲ, ಖಾಲಿ. ಇದನ್ನು ಓದುವವರು ಈ ಮಾತೊಂದನ್ನು ನೆನಪಿಟ್ಟುಕೊಳ್ಳಬೇಕು.

ಅವತ್ತೇ ಪಿತೃಪಕ್ಷದಲ್ಲಿ ಅಕ್ಕನ ಮನೆಯವರು ಹಿರಿಯರಿಗೆ ಎಡೆ ಇಡುವ ದಿನ. ಪಿರಿಯಾಪಟ್ಟಣದ ಕೊರಿಯರಿನವನು ಬಾಗಿಲು ಹಾಕಿಕೊಂಡು ಅವನ ಊರಿಗೆ ಎಡೆಗೆ ಹೋಗಿದ್ದ. ಕಾರ್ಡು ಜೇಬಿನಲ್ಲೇ ಉಳಿಯಿತು. ಸೀದಾ ಅಕ್ಕನ ಮನೆಗೆ ಬಂದು, “ಮಿಷನ್ ಪೂರ್ತಿ ಸತ್ತೋಗದೆ ಕಣಕ್ಕ, ಇನ್ನು ಅದು ಕರೆ ಮಾಡಾಕಿಲ್ಲ, ನೀನೇ ಹೋಗಿ ಬಂದು ನೋಡ್ಕೊಬೇಕು” ಎಂದು ಬಿಡಿಸಿ ಹೇಳಿದೆ. ಅವಳು ಬೆಳಿಗ್ಗೆಯಿಂದಲೇ ಅಡುಗೆಮನೆಗೂ ಬ್ಯಾರನ್ನಿಗೂ ನಡುವೆ ಓಡಾಡುತ್ತಿದ್ದಳು. ಬ್ಯಾರನ್ ಇದ್ದದ್ದು ಊರಾಚೆ, ಕೆರೆ ಏರಿ ದಾಟಿ.

ಭಾವನಿಗೆ ಅದು ಮೊದಲ ಎಡೆ. ಸಂಜೆಯಾಗುವಾಗ ನಡುಮನೆಯಲ್ಲಿ ಬಾಳೆಲೆ ಹಾಸಿ ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ ಎಲ್ಲ ಇಟ್ಟರು. ಹೊಸ ಪಂಚೆ, ಬೀಡಿಕಟ್ಟು, ಒಂದು ಕ್ವಾರ್ಟರ್ ಬಾಟಲಿ. ಹೋದವರು ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ ಇಡಬೇಕು. ಅಕ್ಕ ಕೊನೆಗೆ ಸೆರಗಿನಿಂದ ಒರೆಸಿ ಭಾವನ ಮೊಬೈಲನ್ನೂ ಎಲೆಯ ಪಕ್ಕದಲ್ಲಿಟ್ಟಳು. ಬ್ಯಾರನ್ನಿನ ಕರೆ ಇನ್ನೂ ಅದೇ ನಂಬರಿಗೆ ಬರುತ್ತಿದ್ದುದರಿಂದ ಅವಳು ಅದನ್ನು ದಿನವೂ ಚಾರ್ಜು ಮಾಡಿ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಇರುತ್ತಿದ್ದಳು.

“ಅದ್ಯಾಕಕ್ಕ?” ಎಂದೆ.

“ಮಿಷನ್ ಸತ್ತದೆ ಅಂದಲ್ಲ. ಇವತ್ತೊಂದಿನ ಅವ್ರತ್ರನೇ ಇರ್ಲಿ ಬುಡು” ಎಂದಳು. “ಇದ ಬುಟ್ಟು ಉಣ್ಣಾಕೂ ಕೂರ್ತಿರ್ನಿಲ್ಲ.”

ಅವಳ ಮಾತು ಸರಿಯಾಗಿಯೇ ಇತ್ತು. ಬರದ ಕರೆಗೆ ಮೊಬೈಲು ಎಲ್ಲಿದ್ದರೇನು?

ಧೂಪ ಹಾಕಿ, ಎಲ್ಲರೂ ಕೈಮುಗಿದು, ಬಾಗಿಲು ಎಳೆದುಕೊಂಡು ಹೊರಗೆ ಬಂದೆವು. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಬಾಗಿಲು ತೆಗೆಯಬಾರದು. ಮನೆಯ ದೊಡ್ಡವರು ಬಾಗಿಲಲ್ಲಿ ನಿಂತು ಕೆಮ್ಮಿ, ಒಳಗಿನವರಿಗೆ ತಿಳಿಯಪಡಿಸಿ, ಆಮೇಲೆ ತೆಗೆಯಬೇಕು. ದೊಡ್ಡವರೆಂದರೆ ಕಾಳೇಗೌಡರು. ಅಕ್ಕ ಅಷ್ಟರಲ್ಲಿ ಬ್ಯಾರನ್ನಿಗೆ ಹೋಗಿ ಬರುತ್ತೇನೆಂದು ಹೊರಟಳು. ಅದಕ್ಕೂ ಅವರು ಬಿಡಲಿಲ್ಲ.

“ಗಂಡನ ಮೊದಲ್ನೆ ಎಡೆ. ಹೆಂಡ್ತಿ ಬಾಗ್ಲಲ್ಲಿ ಇರ್ದೆ ಎಲ್ಲೋ ಓಡೋದ್ರೆ ಅವ್ನೇನ್ ಅನ್ಕತ್ತಾನೆ? ಕೂತ್ಕೊ ಸುಮ್ನೆ. ಉರಿ ಎಲ್ಗೂ ಓಡೋಗಾಕಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಬ್ಯಾರನ್ ಕೆಟ್ಟರೆ ಲೈಸೆನ್ಸ್ ಹೋಗುವುದು ಅವರ ಕೈಗೇ ಅಲ್ಲವೆ? ಆದರೆ ಎಡೆಯ ಹೊತ್ತಿನಲ್ಲಿ ಬಾಗಿಲ ಮುಂದೆ ಜಗಳ ತೆಗೆಯಬಾರದೆಂದು ಅಕ್ಕನೇ ಕಣ್ಣಿನಲ್ಲಿ ಸನ್ನೆ ಮಾಡಿದಳು. ಉರಿ ತಗ್ಗಿಸಿಯೇ ಬಂದಿದ್ದಳು. ಜಗಲಿಯ ತುದಿಯಲ್ಲಿ ಕೂತಳು. ನೆಂಟರೆಲ್ಲ ಅಂಗಳದಲ್ಲಿ ಕೂತು ಪಿಸುಮಾತಾಡುತ್ತಿದ್ದರು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ, ಕೊಕ್ಕರೆಗಳು ಕೆರೆಯ ಕಡೆಯಿಂದ ವಾಪಸು ಹೋಗುತ್ತಿದ್ದವು.

ಆಗ ಮುಚ್ಚಿದ ಬಾಗಿಲ ಹಿಂದೆ ಎತ್ತಿನ ಕೊರಳಗಂಟೆ ಬಾರಿಸಿತು.

ಪಿಸುಮಾತು ನಿಂತಿತು. ಗಂಟೆ ತನ್ನ ಪಾಡಿಗೆ ಬಾರಿಸಿ ನಿಂತಿತು. ಯಾರೋ ನೆಂಟರು ಸಣ್ಣಗೆ ನಕ್ಕು, “ಬ್ಯಾಂಕಿನೋರು ಕಣ್ರಪ್ಪ, ಸತ್ತೋರ್ಗೂ ಸಾಲ ಕೊಡ್ತೀವಿ ಅಂತಾವ್ರೆ” ಎಂದರು. ಒಂದಿಬ್ಬರು ನಕ್ಕರು. ಮತ್ತೆ ಗಂಟೆ ಬಾರಿಸಿತು. ಈ ಸಲ ಯಾರೂ ನಗಲಿಲ್ಲ.

ಕಾಳೇಗೌಡರು ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. “ಯಾರೂ ಬಾಗ್ಲು ಮುಟ್ಟಬ್ಯಾಡಿ. ಊಟ್ದ ಮುಂದೆ ಕೂತವ್ರೆ. ತಗುದ್ರೆ ಅರ್ಧಕ್ಕೇ ಎದ್ದೋಯ್ತಾರೆ.”

ಅಕ್ಕ ಎದ್ದು ನಿಂತಿದ್ದಳು. “ಬ್ಯಾರನ್ ಕಣೋ ಅದು.”

“ಆಗೋ ಮಾತಲ್ಲ ಕಣಕ್ಕ” ಎಂದೆ. ಜೇಬಿನ ಗುಂಡಿ ಬಿಚ್ಚಿ ಕವರು ತೆಗೆದು ತೋರಿಸಿದೆ. “ನೋಡಿಲ್ಲಿ, ಮಿಷನ್ನು ನನ್ನ ಜೋಬಲ್ಲೇ ಅದೆ. ಅದೆಂಗೆ ಕರೆ ಮಾಡ್ತದೆ?”

“ನಿನ್ನ ಜೋಬು ನೀನೇ ಇಟ್ಕೊ” ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ಗಂಟೆ ಮೂರನೆಯ ಸಲ ಬಾರಿಸುತ್ತಿರುವಾಗ ನಾನೂ ಅವಳ ಹಿಂದೆ ಓಡಿದೆ. ನಂಬಿ ಓಡಿದ್ದಲ್ಲ. ಅವಳೊಬ್ಬಳೇ ಹೋಗಬಾರದಲ್ಲ ಎಂದು. ಕೆರೆ ಏರಿ ಹತ್ತಿದ ಮೇಲೆ ಬ್ಯಾರನ್ನಿನ ಮೇಲಿನ ಕಿಂಡಿಯಿಂದ ತೆಳ್ಳಗೆ ಕಪ್ಪು ಹೊಗೆ ಏಳುತ್ತಿರುವುದು ಕಂಡಿತು. ಬ್ಯಾರನ್ನಿನ ಮಾಮೂಲಿ ಹೊಗೆಯ ಬಣ್ಣ ಅದಲ್ಲ. ನನ್ನ ಕಾಲು ಅಲ್ಲಿಯೇ ಒಂದು ಸಲ ನಿಂತದ್ದು ನೆನಪಿದೆ. ಅಕ್ಕ ನಿಲ್ಲಲಿಲ್ಲ.

ಅವಳು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ, ಅದನ್ನೂ ಇಲ್ಲಿ ಬರೆಯಲೇಬೇಕು, ಯಾಕೆಂದರೆ ಆಮೇಲೆ ಯಾರೂ ಅದರ ಮಾತೆತ್ತಲಿಲ್ಲ. ಮೊದಲು ಕೆಳಗಿನ ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದಳು. ಒಲೆಯೊಳಗಿನ ಉರಿಯುವ ಸೌದೆಯನ್ನು ಬರಿಗೈಯಲ್ಲೇ ಹಿಂದಿನ ತುದಿ ಹಿಡಿದು ಒಂದೊಂದಾಗಿ ಎಳೆದು ಹೊರಗೆ ಎಸೆದಳು. ಕೊಡದ ನೀರನ್ನು ಗೋಣಿಚೀಲಕ್ಕೆ ಹುಯ್ದು ನನ್ನ ತಲೆಯ ಮೇಲೆ ಹಾಕಿ, “ನಾನು ಬಾಗ್ಲು ತಗೀತಿದ್ದಂಗೆ ನೀನು ಒಳಕ್ಕೋಗಿ ಬಲಗಡೆ ಪೈಪ್ ಮೇಲಿರೋದ ದೋಟೀಲಿ ಎಳ್ದು ಹೊರಕ್ಕಾಕು, ನಿಂತ್ಕಬ್ಯಾಡ” ಎಂದಳು. ಬಲಗಡೆ ಎಂದು ಅವಳಿಗೆ ಗೊತ್ತಾದದ್ದು ಬಾಗಿಲಿನ ಗಾಜಿನ ಕಿಂಡಿಯಿಂದ. ಒಂದು ಕಡ್ಡಿಯ ಹಗ್ಗ ಬಿಚ್ಚಿ ಸೊಪ್ಪಿನ ಗೊಂಚಲು ಪೈಪಿನ ಮೇಲೆ ಬಿದ್ದು ಕೆಂಡವಾಗುತ್ತಿತ್ತು. ಇನ್ನೂ ಜ್ವಾಲೆ ಎದ್ದಿರಲಿಲ್ಲ. ಮೇಲಿನ ಅಷ್ಟೂ ಅಂತಸ್ತುಗಳಲ್ಲಿ ಒಣಗಿದ ಸೊಪ್ಪು. ಅದಕ್ಕೆ ಬೆಂಕಿ ಹಿಡಿದಿದ್ದರೆ ಹತ್ತಿರ ಹೋಗುವಂತಿರಲಿಲ್ಲ. ಎಳೆದು ಹಾಕಿದೆ. ಅವಳು ಬಾಗಿಲು ಒತ್ತಿ ಹಾಕಿದಳು. ಕೆಳಗಿನ ಅಂತಸ್ತಿನ ಒಂದಷ್ಟು ಕಡ್ಡಿ ಕಪ್ಪಾದದ್ದು ಬಿಟ್ಟರೆ ಬ್ಯಾರನ್ ಉಳಿಯಿತು. ಅವಳ ಬಲಗೈ ಮೊಣಕೈವರೆಗೆ ಬೊಬ್ಬೆಯೆದ್ದಿತ್ತು.

ನಾವು ವಾಪಸು ಬರುವಾಗ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಅಂಗಳದಲ್ಲಿದ್ದವರೊಬ್ಬರೂ ಜಾಗ ಬಿಟ್ಟು ಕದಲಿರಲಿಲ್ಲ. ಎಲ್ಲರೂ ಅಕ್ಕನ ಕೈ ನೋಡಿದರು. ಕಾಳೇಗೌಡರು ಕೆಮ್ಮಿದರು. ಕೆಮ್ಮು ಸರಿಯಾಗಿ ಬರಲಿಲ್ಲ, ಮತ್ತೆ ಕೆಮ್ಮಿದರು. ಬಾಗಿಲು ತೆಗೆದರು. ದೀಪ ಉರಿಯುತ್ತಿತ್ತು, ಎಲೆ ಇಟ್ಟಂತೆಯೇ ಇತ್ತು. ನಾನೇ ಮೊದಲು ಹೋಗಿ ಮೊಬೈಲು ಎತ್ತಿಕೊಂಡೆ. ಪರದೆಯ ಮೇಲೆ ಮೂರು ಮಿಸ್ಡ್ ಕಾಲ್, ಬ್ಯಾರನ್ ಎಂಬ ಹೆಸರಿನಿಂದ. ಕಾಳೇಗೌಡರಿಗೂ ತೋರಿಸಿದೆ, ನೆಂಟರಿಗೂ ತೋರಿಸಿದೆ. ಆಮೇಲೆ ಸೈಕಲ್ ಮೋಟಾರು ಹತ್ತಿ ಸೀದಾ ರೂಮಿಗೆ ಹೋದೆ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಕೀಲಿ ಇರುವುದು ನನ್ನ ಹತ್ತಿರ ಒಂದೇ. ರೂಟರಿನಲ್ಲಿ ಕಾರ್ಡಿನ ಜಾಗ ಖಾಲಿ, ಪರದೆಯ ಮೇಲೆ ಯಂತ್ರದ ಜಾಗ ಖಾಲಿ. ಸಿಮ್ ಡಬ್ಬಿಯ ಹಸಿರು ದೀಪ ಮಾತ್ರ ಎಂದಿನಂತೆ ಮಿಣುಕುತ್ತಿತ್ತು. ಕವರು ಬಿಚ್ಚಿ ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ನೋಡಿ ಏನು ತಿಳಿಯಬೇಕು? ತಣ್ಣಗಿತ್ತು.

ಇದನ್ನೆಲ್ಲ ನಾನು ಕಂಪನಿಗೆ ಇದ್ದದ್ದು ಇದ್ದಂತೆ ಹೇಳಿದೆ. ಮುಚ್ಚಿಡುವುದು ಯಾಕೆ, ಓದಿದವರು, ಏನಾದರೂ ಕಾರಣ ಹೇಳಿಯಾರು ಎಂದುಕೊಂಡೆ. ಅವರು ಹೇಳಿದ ಕಾರಣ ಏನು ಗೊತ್ತೆ? ಕರೆ ಹೋಗಿದೆ ಎಂದ ಮೇಲೆ ಯಂತ್ರ ನಡೆಯುತ್ತಿತ್ತು. ನಡೆಯುತ್ತಿತ್ತೆಂದ ಮೇಲೆ ಕಾರ್ಡು ಒಳಗೇ ಇತ್ತು. ಆದ್ದರಿಂದ ನೀವು ಆಮೇಲೆ ತೆಗೆದು ಹಾಳು ಮಾಡಿದ್ದೀರಿ, ಹೊಸದು ಕೊಡಲು ಬರುವುದಿಲ್ಲ. ಅಲ್ಲ ಸ್ವಾಮಿ, ತೆಗೆಯಿರಿ ಎಂದವರು ನೀವೇ. ನಿಮ್ಮವರ ಮಾತು ಕಿವಿಯಲ್ಲಿರುವಾಗಲೇ ತೆಗೆದೆ. ಕಾರ್ಡು ಕಳಿಸಿದ ಮೇಲೆ ಅವರದ್ದೇ ಪರೀಕ್ಷೆಯ ಕಾಗದ ಬಂತು: ಇದು ನೀವು ತೆಗೆಯುವ ಮೊದಲೇ ಕೆಟ್ಟಿದೆ, ಇದರಿಂದ ಏನನ್ನೂ ಓದಲಾಗುವುದಿಲ್ಲ ಎಂದು. ಹಾಗಾದರೆ ಅದು ಕರೆ ಮಾಡಿದ್ದು ಹೇಗೆ ಎಂದು ನಾನು ಕೇಳಿದರೆ, ಗ್ರಾಹಕರ ಮಾತಿನಲ್ಲಿ ತಾಳೆಯಿಲ್ಲ ಎಂದು ಬರೆದರು. ಅವರ ಎರಡು ಕಾಗದಗಳಿಗೇ ತಾಳೆಯಿಲ್ಲ. ಬೈಸಿಕೊಂಡವನು ನಾನು. ಕರೆಯೇ ಬಂದಿರಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಹೊಸ ಕಾರ್ಡು ಪುಕ್ಕಟೆ ಬರುತ್ತಿತ್ತು. ನಿಜ ಹೇಳಿ ಸುಳ್ಳುಗಾರನಾದೆ. ಕೊನೆಗೆ ನಾನೇ ಬೇರೆ ಕಡೆಯಿಂದ ಕಾರ್ಡು ತಂದು, ಬ್ಯಾರನ್ ಯಂತ್ರವನ್ನು ಮೊದಲಿನಿಂದ ಕಟ್ಟಿಸಿಕೊಂಡೆ.

ನನಗೆ ನಾನೇ ಹುಡುಕಿದ ಕಾರಣಗಳೂ ಉಂಟು. ಸಿಮ್ ಡಬ್ಬಿಗೆ ಹಳೆಯ ನಂಬರ್ ನೆನಪಿದ್ದು ತಾನೇ ಒತ್ತಿತೇ? ಅದಕ್ಕೆ ನೆನಪು ಎನ್ನುವುದೇ ಇಲ್ಲ. ಇದ್ದರೂ ಊರಿನ ಅಷ್ಟೂ ಬ್ಯಾರನ್‌ಗಳಲ್ಲಿ ಅದೇ ಒಂದಕ್ಕೆ, ಅದೇ ಹೊತ್ತಿಗೆ ಯಾಕೆ? ಸಿಮ್ಮಿನ ಲೆಕ್ಕ ತೆಗೆಸಿ ನೋಡಿದೆ. ಅಂದು ಆ ನಂಬರಿನಿಂದ ಒಂದೂ ಕರೆ ಹೊರಗೆ ಹೋಗಿಲ್ಲ. ಭಾವನ ಮೊಬೈಲು ಮಾತ್ರ ಬಂದಿದೆ ಎನ್ನುತ್ತದೆ. ಹುಣಸೂರಿನಲ್ಲಿ ಮೊಬೈಲ್ ರಿಪೇರಿ ಮಾಡುವವರಿಂದ ಹಿಡಿದು ಮೈಸೂರಿನ ಕಾಲೇಜು ಮೇಷ್ಟರವರೆಗೆ ಕೇಳಿದ್ದೇನೆ. ಕೆಲವರು ನಕ್ಕರು, ಕೆಲವರು ನನ್ನ ಜೇಬನ್ನೇ ಅನುಮಾನಿಸಿದರು.

ಊರಿನವರಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಕಾಳೇಗೌಡರು ಮಾರನೆಯ ವಾರವೇ ಒಪ್ಪಿಗೆಗೆ ಸಹಿ ಹಾಕಿದರು. “ನಮ್ಮ ಸಿದ್ದ ಇನ್ನೂ ಬ್ಯಾರನ್ ಬುಟ್ಟಿಲ್ಲ ಕಣ್ರಪ್ಪ. ಅವನ್ದ ಕಿತ್ಕೊಳಾಕೆ ನಾನ್ಯಾರು?” ಎಂದು ಎಲ್ಲರ ಮುಂದೆ ಹೇಳಿದರು. ಲೈಸೆನ್ಸ್ ಅಕ್ಕನ ಹೆಸರಿಗಾಯಿತು. ನನಗೆ ಸಂತೋಷವಾಯಿತು, ಸಿಟ್ಟೂ ಬಂತು. ಇವತ್ತಿಗೂ ಆ ಸಿಟ್ಟು ಇಳಿದಿಲ್ಲ. ಬೊಬ್ಬೆಯೆದ್ದ ಕೈ ಕಣ್ಣ ಮುಂದೆ ಇತ್ತು, ಅದಕ್ಕೆ ಸಹಿ ಬೀಳಲಿಲ್ಲ. ಯಾರೂ ಎತ್ತದ ಮೂರು ಕರೆಗೆ ಬಿತ್ತು.

ಅಕ್ಕನಿಗೆ ನನ್ನ ಹಾಗೆ ಸಿಟ್ಟಿಲ್ಲ, ಆಶ್ಚರ್ಯವೂ ಇಲ್ಲ. ಒಂದೇ ಒಂದು ಸಲ, ಕೈಯ ಗಾಯಕ್ಕೆ ಔಷಧಿ ಹಚ್ಚಿಸಿಕೊಳ್ಳುವಾಗ, “ಎತ್ತಿದ್ರೆ ಏನಂತಿದ್ರೋ” ಎಂದಳು. ಎತ್ತಿದ್ದರೆ ನಾನು ತುಂಬಿಸಿದ ಬೈಗುಳವೇ ಕೇಳಿಸುತ್ತಿತ್ತು ಎಂದು ಹೇಳಲು ಹೋದೆ. ಆ ಬೈಗುಳ ಇದ್ದದ್ದೂ ಅದೇ ಕಾರ್ಡಿನಲ್ಲಿ ಎನ್ನುವುದು ಅಷ್ಟರಲ್ಲಿ ನೆನಪಾಯಿತು.

ಈ ವರ್ಷದ ಎಡೆಯಲ್ಲೂ ಅವಳು ಮೊಬೈಲನ್ನು ಎಲೆಯ ಪಕ್ಕದಲ್ಲಿಟ್ಟಳು. ಯಂತ್ರ ಈಗ ಗಟ್ಟಿಯಾಗಿದೆ, ನಾನೇ ಬೆಳಿಗ್ಗೆ ನೋಡಿ ಬಂದಿದ್ದೆ. ಬಾಗಿಲು ಹಾಕಿ ಎಲ್ಲರೂ ಅಂಗಳದಲ್ಲಿ ಕೂತೆವು. ಎಲ್ಲರ ಕಿವಿಯೂ ಬಾಗಿಲ ಮೇಲೆಯೇ. ಗಂಟೆ ಬಾರಿಸಲಿಲ್ಲ. ಕಾಳೇಗೌಡರು ಕೆಮ್ಮಿ ಬಾಗಿಲು ತೆಗೆದರು.

“ನೋಡ್ದಾ, ಉರಿ ಸರಿಯಾಗದೆ” ಎಂದಳು ಅಕ್ಕ, ನನ್ನ ಕಡೆ ತಿರುಗಿ.

ಎಲ್ಲರೂ ಊಟಕ್ಕೆ ಕೂರುವಾಗ ಕೆರೆ ಏರಿ ದಾಟಿ ಹೋಗಿ, ಗಾಜಿನ ಕಿಂಡಿಗೆ ಕಣ್ಣಿಟ್ಟು ನೋಡಿದೆ. ಸರಿಯಾಗಿಯೇ ಇತ್ತು.